ಕುಂಟ ಅಮರನೂ ಗೈದರ್ಸ್‌ಬರ್ಗಿನ ಸಿದ್ದೇಶ್ವರಿಯೂ

ಸಿದ್ದೇಶ್ವರಿಗೆ ಯಾರನ್ನು ಕಂಡರೂ ಅಷ್ಟಕ್ಕಷ್ಟೇ. ಮೇರಿಲ್ಯಾಂಡಿನ ಗೈದರ್ಸ್‌ಬರ್ಗ್ ಊರಿನ ಕನ್ನಡದವರ ಮನೆಗೆ ಊಟಕ್ಕೆ ಹೋದರೆ ಚಪ್ಪಲಿ ಬಿಡುವ ಮೊದಲೇ ಗೋಡೆಯ ಮೇಲಿನ ಚಿತ್ರವನ್ನು ನೋಡಿ ಮೂಗು ಮುರಿಯುವಳು. ಒಬ್ಬರ ಮನೆಯಲ್ಲಿ ಸೋಫಾದ ಬಣ್ಣಕ್ಕೆ ಹೊಂದುವ ಬುದ್ಧ, ಇನ್ನೊಬ್ಬರ ಮನೆಯಲ್ಲಿ ಪರದೆಯ ಬಣ್ಣಕ್ಕೆ ಹೊಂದುವ ಗಣಪ. ಧಾರವಾಡದಲ್ಲಿ ಐದು ವರ್ಷ ಚಿತ್ರಕಲೆ ಕಲಿತವಳು ಅವಳು. “ಕಣ್ಣಿದ್ದೂ ಕುರುಡರು” ಎಂದು ವಾಪಸು ಬರುವಾಗ ಕಾರಿನಲ್ಲಿ ತೀರ್ಪು ಕೊಡುವಳು. ಕಾರು ಓಡಿಸುತ್ತಿದ್ದ ಗಂಡ ಕಲ್ಮೇಶ್ ಹ್ಞೂಂ ಅನ್ನುವನು. ಒಂಬತ್ತು ವರ್ಷದ ಸಂಸಾರದಲ್ಲಿ ಅವನು ಚೆನ್ನಾಗಿ ಕಲಿತದ್ದು ಇದೊಂದೇ, ಹೆಂಡತಿ ಬಾಯಿ ತೆರೆದರೆ ತನ್ನ ಮಾತನ್ನು ನುಂಗಿಕೊಳ್ಳುವುದು.

ಆರು ವರ್ಷ ಅವಳು ಕೆಲಸ ಮಾಡುವ ಪರವಾನಗಿಯಿಲ್ಲದೆ ಮನೆಯಲ್ಲಿ ಕೂತಿದ್ದಳು. ೨೦೨೧ರಲ್ಲಿ ಕಾಗದ ಕೈಗೆ ಬಂದ ವಾರವೇ ಲಿನ್ ಆಂಟಿಯ ಅಂಗಡಿಗೆ ಸೇರಿದಳು. ಲಿನ್ ಆಂಟಿ ಎಪ್ಪತ್ತು ದಾಟಿದ ಚೀನೀ ಹೆಂಗಸು. ಹಳೆಯ ಸುರುಳಿ ಚಿತ್ರಗಳಿಗೆ ಹಿಂದಿನಿಂದ ಹೊಸ ಕಾಗದ ಅಂಟಿಸಿ, ಸುತ್ತ ರೇಷ್ಮೆಯ ಅಂಚು ಕೂಡಿಸಿ, ಮತ್ತೆ ತೂಗುಹಾಕುವ ಹಾಗೆ ಮಾಡಿಕೊಡುವುದು ಅವಳ ಕಸುಬು. ಊರಲ್ಲೆಲ್ಲ ಸಿದ್ದೇಶ್ವರಿ ಗೌರವಿಸುತ್ತಿದ್ದ ಒಂದೇ ಜೀವ ಅದು. ಮೊದಲ ವರ್ಷವಿಡೀ ಮುದುಕಿ ಅವಳಿಂದ ಗೋಧಿಹಿಟ್ಟಿನ ಅಂಟು ಕಾಯಿಸಿದಳು, ಅಷ್ಟೇ. ಎರಡನೆಯ ವರ್ಷ ಒಂದು ಚಾಕು ಕೈಗಿಟ್ಟು ಹೇಳಿದಳು: “ರೇಷ್ಮೆ ನಿನ್ನದು. ಚಿತ್ರ ನಿನ್ನದಲ್ಲ. ಚಿತ್ರದ ಕಾಗದಕ್ಕೆ ಇದು ತಾಗಿದ ದಿನ ನನಗೆ ವಾಪಸು ಕೊಡು.”

ಆ ಅಂಗಡಿಯಲ್ಲೇ ಸಿದ್ದೇಶ್ವರಿ ಚೀನೀಯರ ತಾವೋ ಪಂಥದ ಅಮರರನ್ನು, ಸಾವನ್ನು ಗೆದ್ದ ಸಾಧಕರನ್ನು, ಚಿತ್ರಗಳಲ್ಲಿ ಕಂಡದ್ದು. ಕತ್ತೆಯ ಮೇಲೆ ಹಿಂದುಮುಂದಾಗಿ ಕೂತು ಸವಾರಿ ಮಾಡುವವನು, ಇಳಿದ ಮೇಲೆ ಆ ಕತ್ತೆಯನ್ನು ಕಾಗದದಂತೆ ಮಡಚಿ ಚೀಲಕ್ಕೆ ಹಾಕಿಕೊಳ್ಳುವವನು. ತಾವರೆ ಹಿಡಿದವಳು. ಬೆನ್ನಿಗೆ ಕತ್ತಿ ಕಟ್ಟಿದವನು. ಅವರಲ್ಲೆಲ್ಲ ಅವಳಿಗೆ ಹಿಡಿಸಿದವನು ಊರುಗೋಲಿನ ಲೀ. ಕೆದರಿದ ಕೂದಲು, ಗುಡ್ಡೆಗಣ್ಣು, ಕುಂಟುಕಾಲು, ಬೆನ್ನಿಗೊಂದು ಸೋರೆಬುರುಡೆ. ಅವನ ಕಥೆಯನ್ನು ಲಿನ್ ಆಂಟಿ ಹೇಳಿದಳು: ಮೊದಲು ಅವನು ಬಲು ಚೆಲುವನಂತೆ. ಒಮ್ಮೆ ದೇಹ ಬಿಟ್ಟು ಗುರುಗಳನ್ನು ಕಾಣಲು ಹೊರಟಾಗ ಶಿಷ್ಯನಿಗೆ ಹೇಳಿದ, “ಏಳು ದಿನ ಈ ಮೈಯನ್ನು ಕಾಯಿ. ಅಷ್ಟರಲ್ಲಿ ಬರದಿದ್ದರೆ ಸುಡು.” ಆರನೆಯ ದಿನ ಶಿಷ್ಯನಿಗೆ ತಾಯಿ ಸಾಯುತ್ತಿದ್ದಾಳೆಂದು ಸುದ್ದಿ ಬಂತು. ಅವನು ಮೈಯನ್ನು ಸುಟ್ಟು ಊರಿಗೆ ಓಡಿದ. ಏಳನೆಯ ದಿನ ಬಂದ ಲೀಗೆ ಸಿಕ್ಕಿದ್ದು ಹಿಡಿ ಬೂದಿ. ದಾರಿಯಲ್ಲಿ ಸತ್ತುಬಿದ್ದಿದ್ದ ಕುಂಟ ಭಿಕ್ಷುಕನೊಬ್ಬನ ದೇಹವನ್ನು ಹೊಕ್ಕ.

“ಒಂದು ದಿನ ತಡಿಯಾಕ ಆಗಲಿಲ್ಲೇನು ಆ ಮೂಳಗ!” ಎಂದು ಸಿದ್ದೇಶ್ವರಿ ಕನ್ನಡದಲ್ಲೇ ಬೈದಳು. ಲಿನ್ ಆಂಟಿಗೆ ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯಿತು, ನಕ್ಕಳು.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ರಾಮಲಿಂಗಪ್ಪ ಅಂಗಡಿಗೆ ಬಂದರು. ಈ ರಾಮಲಿಂಗಪ್ಪನವರು ಕಲ್ಮೇಶನ ಕಂಪನಿಯ ಮಾಲೀಕರು, ಊರಿನ ಶರಣ ಬಳಗದ ಅಧ್ಯಕ್ಷರು, ಮತ್ತು ಸಿದ್ದೇಶ್ವರಿಯ ಲೆಕ್ಕದಲ್ಲಿ ಮೇರಿಲ್ಯಾಂಡಿನ ಅತಿ ದೊಡ್ಡ ದಡ್ಡರು. ತೀರಿಕೊಂಡವರೊಬ್ಬರ ಮನೆಯ ಸಾಮಾನು ಮಾರುವಲ್ಲಿ ಕೊಂಡ ಸುರುಳಿಯೊಂದನ್ನು ಮೇಜಿನ ಮೇಲೆ ಬಿಚ್ಚಿದರು. ಊರುಗೋಲಿನ ಲೀ! ಕಾಗದ ಹಳದಿಯಾಗಿತ್ತು, ಅಂಚು ಹರಿದಿತ್ತು, ಆದರೆ ಕುಂಚದ ಗೆರೆಯಲ್ಲಿ ಇನ್ನೂ ಜೀವವಿತ್ತು. ಬಲಗಡೆ ಮೇಲಿನಿಂದ ಕೆಳಕ್ಕೆ ಎರಡು ಸಾಲು ಚೀನೀ ಬರಹ, ಕೆಳಗೆ ಚಿತ್ರಕಾರನ ಕೆಂಪು ಮುದ್ರೆ.

“ನೋಡು ತಂಗಿ” ಎಂದರು ರಾಮಲಿಂಗಪ್ಪ. “ಇಂವ ನಮ್ಮ ಸಿದ್ಧಪುರುಷ. ಕೈಯಾಗ ಯೋಗದಂಡ ಐತಿ, ಬುರುಡಿಯಿಂದ ಹೊಂಟ ಹೊಗಿ ಐತಲ್ಲ, ಅದು ಪ್ರಾಣಲಿಂಗದ ಬೆಳಕು. ನಮ್ಮ ಶರಣರು ಚೀನಾ ತನಕಾ ನಡಕೊಂತ ಹೋಗಿದ್ರು ಅನ್ನೂದಕ್ಕ ಇದಕ್ಕಿಂತ ಪ್ರೂಫ್ ಬೇಕೇನು?”

ಸಿದ್ದೇಶ್ವರಿಯ ನಾಲಿಗೆಯ ತುದಿಗೆ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಅವಳು ತಡೆದುಕೊಂಡಳು. ಕಲ್ಮೇಶನ ವೀಸಾ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಮುಂದುವರಿಸುವ ಅರ್ಜಿಗೆ ಈ ಮಹಾಶಯರ ಸಹಿ ಬೇಕಿತ್ತು. ಸಹಿಯಿಲ್ಲದಿದ್ದರೆ ಗಂಡನ ಕೆಲಸ ಹೋಗುತ್ತದೆ, ಅವನ ವೀಸಾಕ್ಕೆ ಅಂಟಿಕೊಂಡ ತನ್ನ ಪರವಾನಗಿ ಹೋಗುತ್ತದೆ, ಈ ಮೇಜು, ಈ ಅಂಟು, ಈ ಮುದುಕಿ ಎಲ್ಲ ಹೋಗುತ್ತವೆ.

“ರವಿವಾರ ಬಳಗದಾಗ ಅನಾವರಣ ಮಾಡೂಣು” ಎಂದರು ರಾಮಲಿಂಗಪ್ಪ. “ಆ ಚೀನೀ ಅಕ್ಷರ ಇದ್ರ ಮಂದಿ ಸುಮ್ನ ಗೊಂದಲ ಮಾಡಕೊಂತಾರ. ಕಾಣದಂಗ ಏನರ ಮಾಡಾಕ ಬರ್ತೈತೇನು ನೋಡು. ಆಗದಿದ್ರ ಬಿಡು. ಮತ್ತ ಕಲ್ಮೇಶಂದು ಕಾಗದಾನೂ ನನ್ನ ಟೇಬಲ್ ಮ್ಯಾಲ ಐತಿ. ಅದನ್ನೂ ಮುಗಸೂಣು.”

ಎರಡು ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರು. ಸಿದ್ದೇಶ್ವರಿಗೆ ಅಷ್ಟು ಸಾಕಾಯಿತು. ಇದು ಬೆದರಿಕೆಯಲ್ಲದೆ ಮತ್ತೇನು? ಇಂಥವನಿಂದ ಇನ್ನೇನು ನಿರೀಕ್ಷಿಸಬಹುದು?

ಮಂಗಳವಾರ ಸಂಜೆ ಕಲ್ಮೇಶ್ ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಸಿದ್ದಿ, ರಾಮಲಿಂಗಪ್ಪ ಸರ್ ಇವತ್ತ ಆಫೀಸಿನಾಗ…” ಎಂದು ಆರಂಭಿಸಿದ.

“ಅಂವನ ಹೆಸರು ಈ ಮನ್ಯಾಗ ಎತ್ತಬ್ಯಾಡ್ರಿ. ಅಂವನ ಮುಂದ ನೀವು ಬಾಲಾ ಅಳ್ಳಾಡಿಸೂದು ಸಾಕು.”

ಕಲ್ಮೇಶ್ ರೊಟ್ಟಿ ತಿಂದು ಎದ್ದುಹೋದ.

ಲಿನ್ ಆಂಟಿ ಬುಧವಾರ ನ್ಯೂಯಾರ್ಕಿಗೆ ತಂಗಿಯ ಮನೆಗೆ ಹೋದಳು. ಗುರುವಾರ, ಶುಕ್ರವಾರ ಸಿದ್ದೇಶ್ವರಿ ಬರಹದ ಮೇಲೆ ರೇಷ್ಮೆಯ ತುಂಡು ಇಟ್ಟು ನೋಡಿದಳು. ಮಸಿ ಅದರ ಅಡಿಯಿಂದಲೂ ಎದ್ದು ಕಾಣುತ್ತಿತ್ತು. ಶನಿವಾರ ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದಾಗ, ಚಾಕು ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಎರಡು ಅಂಗುಲದ ಪಟ್ಟಿಯನ್ನು ಕತ್ತರಿಸಿದಳು. ಪಾಪ ರಾಮಲಿಂಗಪ್ಪನದು, ತನ್ನದಲ್ಲ, ಎಂದು ಹಲ್ಲು ಕಡಿಯುತ್ತಲೇ ಕತ್ತರಿಸಿದಳು. ಪಟ್ಟಿಯನ್ನು ಮೇಜಿನ ಮೇಲೆ ಎರಡು ಹಾಳೆಗಳ ನಡುವೆ ಇಟ್ಟಳು.

ಭಾನುವಾರ ಬಾಡಿಗೆಯ ಹಾಲಿನಲ್ಲಿ ಅನಾವರಣವಾಯಿತು. ರಾಮಲಿಂಗಪ್ಪ ಆಳೆತ್ತರದ ಸೇವಂತಿಗೆ ಮಾಲೆ ತಂದಿದ್ದರು. ಸುರುಳಿಗೆ ಹಾಕಿದಾಗ ಅದರ ಬಲಗಡೆ ಪೂರ್ತಿ ಮುಚ್ಚಿಹೋಯಿತು. ಆಮೇಲೆ ಮಾಲೆ ಸರಿಸಿ ಇಣುಕಿದರು.

“ಅಯ್ಯ, ಅಕ್ಷರ ಎಲ್ಲಿ ಹೋದುವು ತಂಗಿ? ಕೊಯ್ದಿಯೇನು? ಛೆ, ಛೆ! ಆಗದಿದ್ರ ಬಿಡು ಅಂದಿದ್ನಲ್ಲ. ಅದಕ್ಕಂತನ ಈ ಮಾಲಿ ತಂದಿದ್ದೆ.”

“ಸರ್” ಎಂದಳು ಸಿದ್ದೇಶ್ವರಿ, “ನಮ್ಮವರ ಕಾಗದ? ಸಹಿ?”

“ಅದಾ? ಸೋಮವಾರನ ಸೈನ್ ಮಾಡಿ ಲಾಯರ್‌ಗೆ ಕಳಿಸೇನಿ. ಮಂಗಳವಾರ ಕಲ್ಮೇಶಗ ನಾನ ಹೇಳೇನಿ. ಕಾಗದಕ್ಕೂ ಚಿತ್ರಕ್ಕೂ ಏನು ಸಂಬಂಧ?” ರಾಮಲಿಂಗಪ್ಪ ಅವಳ ಮುಖವನ್ನು ನೋಡಿದರು. ಅವರಿಗೆ ನಿಧಾನವಾಗಿ ಅರ್ಥವಾಯಿತು. “ನನ್ನನ್ನ ಅಷ್ಟು ಸಣ್ಣವ ಅಂತ ತಿಳಕೊಂಡಿದ್ದಿಯೇನು, ತಂಗಿ?”

ಅಮರರ ವಿಷಯದಲ್ಲಿ ಅವರು ದಡ್ಡರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹೊತ್ತು ಸಿದ್ದೇಶ್ವರಿಗೆ ಅವರ ಕಣ್ಣಲ್ಲಿ ಕಣ್ಣಿಡಲು ಆಗಲಿಲ್ಲ.

ಕಾರಿನಲ್ಲಿ ಮೊದಲ ಸಲ ಕಲ್ಮೇಶನೇ ಮಾತನಾಡಿದ. “ಮಂಗಳವಾರನ ಹೇಳಾಕ ಬಂದಿದ್ನಲ್ಲ. ನೀನ ಬಾಯಿ ಮುಚ್ಚಿಸಿದಿ.” ಅವಳು ಹ್ಞೂಂ ಅಂದಳು.

ಸೋಮವಾರ ಲಿನ್ ಆಂಟಿ ಬಂದು ಹಾಳೆ ಎತ್ತಿ ಪಟ್ಟಿಯನ್ನು ನೋಡಿದಳು. ಬರಹವನ್ನು ಎರಡು ಸಲ ಓದಿದಳು.

“ಯಾರು ಕತ್ತರಿಸಿದ್ದು?”

ಅಷ್ಟು ವರ್ಷ ಯಾರ ಮೇಲೆ ಬೇಕಾದರೂ ಹೊರಿಸಲು ಸಿದ್ದೇಶ್ವರಿಯ ಬಾಯಲ್ಲಿ ಹೆಸರು ಸಿದ್ಧವಿರುತ್ತಿತ್ತು. ಈಗ ಹುಡುಕಿದರೂ ಒಂದು ಸಿಗಲಿಲ್ಲ. “ನಾನು” ಎಂದಳು. ಎಲ್ಲವನ್ನೂ ಹೇಳಿದಳು, ಸಹಿ ಮೊದಲೇ ಆಗಿತ್ತೆಂಬುದನ್ನೂ ಬಿಡಲಿಲ್ಲ.

ಲಿನ್ ಆಂಟಿ ಕೈ ಚಾಚಿದಳು. ಸಿದ್ದೇಶ್ವರಿ ಚಾಕುವನ್ನು ಅದರಲ್ಲಿಟ್ಟಳು.

“ಲೀಯ ಆ ಶಿಷ್ಯನಿಗೆ ತಾಯಿಯಾದರೂ ಸಾಯುತ್ತಿದ್ದಳು” ಎಂದಳು ಮುದುಕಿ. ಚಾಕುವನ್ನು ಒರೆಸಿ ತನ್ನ ಪೆಟ್ಟಿಗೆಯಲ್ಲಿಟ್ಟು, ಮೊದಲ ವರ್ಷದ ಹಾಗೆ ಒಲೆಯ ಮೇಲೆ ಅಂಟಿನ ಪಾತ್ರೆ ಇಡಲು ಹೇಳಿದಳು.