ಲೆಕ್ಕವನ್ನು ಮಾತಿನಲ್ಲಿ ಕಲಿಸಿದ ಸೆಲೀನ್ ಮೇಡಂ

ವರ್ಣತಂತುಗಳ ವ್ಯತ್ಯಾಸದೊಂದಿಗೆ ಹುಟ್ಟಿದ ಮಕ್ಕಳ ಹೃದಯವನ್ನೂ ಎಲುಬನ್ನೂ ಪರೀಕ್ಷಿಸುವ ತಜ್ಞರು ನಮ್ಮಲ್ಲಿ ಕಡಮೆಯಿಲ್ಲ. ಅದೇ ಮಕ್ಕಳು ಗಣಿತದ ತರಗತಿಯಲ್ಲಿ ಏಕೆ ತತ್ತರಿಸುತ್ತಾರೆಂದು ವಿಚಾರಿಸುವವರು ವಿರಳ. ಅಂಥ ವಿರಳರಲ್ಲೊಬ್ಬರು ಶ್ರೀಮತಿ ಸೆಲೀನ್ ಡಿಮೆಲ್ಲೊ. ಮಣಿಪಾಲದ ನಮ್ಮ ಮಕ್ಕಳ ಬೆಳವಣಿಗೆ ಕೇಂದ್ರದಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಮಕ್ಕಳ ವೈದ್ಯೆಯಾಗಿ ಅವರ ಪಕ್ಕದ ಕೋಣೆಯಲ್ಲಿ ದುಡಿದ ನನಗೆ ನಾಲ್ಕು ಮಾತು ಬರೆಯುವ ಭಾಗ್ಯ ಒದಗಿದೆ.

ಕಾಪುವಿನ ಪ್ರೌಢಶಾಲೆಯೊಂದರಲ್ಲಿ ಗಣಿತದ ಅಧ್ಯಾಪಿಕೆಯಾಗಿದ್ದ ಮೇಡಂ, ಚುರುಕಾಗಿ ಮಾತಾಡುವ ಕೆಲವು ಮಕ್ಕಳು ಸಣ್ಣ ಸಂಖ್ಯೆಗಳ ಮುಂದೆಯೂ ಮಂಕಾಗುವುದನ್ನು ಕಂಡು, ಅದರ ಕಾರಣ ತಿಳಿಯಲೇಬೇಕೆಂಬ ಹಟದಿಂದ ನಡುವಯಸ್ಸಿನಲ್ಲಿ ವಿಶೇಷ ಶಿಕ್ಷಣ ಓದಿ ನಮ್ಮಲ್ಲಿಗೆ ಬಂದರು.

ಅವರ ಸೇವೆಯನ್ನು ನೆನೆದಾಗಲೆಲ್ಲ ನನ್ನ ಕಣ್ಣ ಮುಂದೆ ನಿಲ್ಲುವವಳು ಕಾರ್ಕಳದ ಯಶ್ಮಿತಾ. ಆರನೆಯ ತರಗತಿಯ ಆ ಹುಡುಗಿಗೆ ಟರ್ನರ್ ಸಿಂಡ್ರೋಮ್, ಅಂದರೆ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದರ ಕೊರತೆ, ಇರುವುದು ನಮ್ಮ ಪರೀಕ್ಷೆಯಲ್ಲಿ ತಿಳಿದಿತ್ತು. ಎತ್ತರ ಕಡಮೆ; ಮಾತು ಮಾತ್ರ ಅರಳು ಹುರಿದಂತೆ. ಆದರೆ ಗಡಿಯಾರ ನೋಡಿ ಹೊತ್ತು ಹೇಳಲು ಬಾರದು. ಎರಡು ರಾಶಿಗಳಲ್ಲಿ ದೊಡ್ಡದು ಯಾವುದೆಂದರೂ ತಡವರಿಕೆ. ಇಷ್ಟು ಚೆನ್ನಾಗಿ ಓದುವವಳು ಲೆಕ್ಕಕ್ಕೆ ಮಾತ್ರ ನಾಟಕವಾಡುತ್ತಾಳೆಂದು ಶಾಲೆಯಲ್ಲಿ ಹೇಳಿದ್ದನ್ನು ನಂಬಿದ ತಂದೆ ಸುಂದರ, ಅವಳ ಕಥೆಪುಸ್ತಕಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಸಂಜೆಯಿಡೀ ಮಗ್ಗಿ ಬರೆಸತೊಡಗಿದರು. ಕೊನೆಗೆ ಹುಡುಗಿ ಮಾತನ್ನೇ ನಿಲ್ಲಿಸಿದಳು. ಶಾಲೆಯ ಸಮವಸ್ತ್ರ ಕಂಡರೆ ವಾಂತಿ.

"ಪೇಪರ್ ಗಡಗಡ ಓದ್ತಾಳೆ ಮೇಡಂ. ಲೆಕ್ಕ ಮಾತ್ರ ಬರುದಿಲ್ಲ ಅಂದ್ರೆ ಎಂತ? ಉದಾಸೀನ ಅಲ್ವಾ?" ಎಂದು ಸುಂದರ ನಮ್ಮೆದುರು ಸಿಡುಕಿದರು.

"ಅವಳು ಗಿಡ್ಡ ಇದ್ದಾಳೆ ಅಂತ ಯಾವತ್ತಾದರೂ ಬೈದಿದ್ದೀರಾ?" ಮೇಡಂ ಕೇಳಿದರು.

"ಛೆ, ಅದಕ್ಕೆ ಬೈಯುದುಂಟಾ? ಅದು ಹುಟ್ಟುವಾಗಲೇ ಬಂದದ್ದಲ್ವಾ."

"ಇದೂ ಅದರೊಟ್ಟಿಗೇ ಬಂದದ್ದು."

"ಹಾಗಾದ್ರೆ ಕಲಿಯುದೇ ಇಲ್ವಾ?" ಎಂದು ಸುಂದರ ಕೇಳಿದರು.

"ಕಲೀತಾಳೆ, ನಿಧಾನ ಆಗ್ತದೆ. ಅವಳಿಗೆ ಮಾತು ಉಂಟಲ್ಲ, ಲೆಕ್ಕವನ್ನೂ ಮಾತಲ್ಲೇ ಕಲಿಸುವ. ಮೊದಲು ಆ ಪುಸ್ತಕ ಹೊರಗೆ ತೆಗೀರಿ."

ಅಂದಿನಿಂದ ಒಂದೊಂದು ಲೆಕ್ಕವೂ ಯಶ್ಮಿತಾಳಿಗೆ ಪುಟ್ಟ ಕಥೆಯಾಯಿತು. ಒಂದೊಂದು ಹೆಜ್ಜೆಯನ್ನೂ ಅವಳು ಬಾಯಿಬಿಟ್ಟು ಹೇಳಿಯೇ ಬರೆಯಬೇಕು. ಮೇಡಂ ರಜೆಯ ದಿನಗಳಲ್ಲಿ ಬಸ್ಸು ಹತ್ತಿ ಕಾರ್ಕಳಕ್ಕೆ ಹೋಗಿ, ಅವಳ ಅಧ್ಯಾಪಕರಿಗೂ ಈ ಕ್ರಮವನ್ನು ತಾಳ್ಮೆಯಿಂದ ಮನಗಾಣಿಸಿದರು. ಹುಡುಗಿ ಮೊದಲು ಮಾತಿಗೆ ಮರಳಿದಳು, ಲೆಕ್ಕಕ್ಕೆ ಬಹಳ ತಡವಾಗಿ. ಹತ್ತನೆಯ ತರಗತಿಯ ಗಣಿತದಲ್ಲಿ ಅನುತ್ತೀರ್ಣಳಾದ ದಿನ ಮೇಡಂ ಅವಳ ಮನೆಗೆ ಹೋಗಿ, ಪರೀಕ್ಷೆಯ ಸುದ್ದಿಯನ್ನೇ ಎತ್ತದೆ ಜೊತೆಯಲ್ಲಿ ಊಟ ಮಾಡಿ ಬಂದರು. ಮರುಪರೀಕ್ಷೆಯಲ್ಲಿ ಅವಳು ಪಾಸಾದಾಗ ಮೊದಲು ಮೇಡಂಗೆ ಫೋನ್ ಮಾಡಿದವರು ಸುಂದರ; ಮಾತಾಡಲಾರದೆ ಅತ್ತರು. ಇಂದು ಯಶ್ಮಿತಾ ಉಡುಪಿಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾಳೆ. ಮಗ್ಗಿ ಈಗಲೂ ಬಾರದು. ಅದನ್ನು ನಗುತ್ತಲೇ ಹೇಳಿಕೊಳ್ಳುತ್ತಾಳೆ.

ಕಳೆದ ವಾರ ಹೆಬ್ರಿಯಿಂದ ಮಗಳನ್ನು ಕರೆತಂದ ತಾಯಿಯೊಬ್ಬರು, "ನೀವು ರಿಟೈರ್ ಆಗ್ತೀರಂತೆ, ನಾವಿನ್ನು ಯಾರ ಹತ್ರ ಹೋಗುದು?" ಎಂದು ಕಣ್ಣೊರೆಸಿಕೊಂಡರು.

"ಕಾಪುವಿನಲ್ಲಿ ನನ್ನ ಮನೆ ಉಂಟಲ್ಲ, ಶನಿವಾರ ಬನ್ನಿ. ಅಲ್ಲಿವರೆಗೆ ಮಗುವಿಗೆ ಬೈಬೇಡಿ," ಎಂದರು ಮೇಡಂ.

ಆ ಮನೆಯ ಬಾಗಿಲಿಗೆ ಬರುವ ಮಕ್ಕಳ ಸಲುವಾಗಿ ಅವರಿಗೆ ದೀರ್ಘಾಯುಸ್ಸೂ ಆರೋಗ್ಯವೂ ಕೂಡಿಬರಲಿ. ಮಗುವನ್ನು ಗದರುವ ಮೊದಲು ಕಾರಣ ಕೇಳುವ ಅವರ ಗುಣ ನಮಗೂ ಒಂದಿಷ್ಟು ಅಂಟಲಿ.