ಹಸಿರಿನ ನಡುವೆ ನೀಲಿ

ಎರಡನೆಯ ಇಯತ್ತೆಗೇ ಸಾಲೆ ಬಿಟ್ಟವಳು ನಾನು. ಆದರೂ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಗುವ ವೈರಿನೊಳಗೆ ಎಂಟು ಎಳೆ ಇರುತ್ತವೆ, ಅವು ಯಾವುದರ ಪಕ್ಕ ಯಾವುದು ಕೂಡಬೇಕು ಎಂದು ಕೇಳಿ ನೋಡಿ, ನಿದ್ದೆಗಣ್ಣಿನಲ್ಲೂ ಹೇಳುತ್ತೇನೆ. ಯಾರೂ ಕೇಳುವುದಿಲ್ಲ, ನಾನೇ ಹಿಡಿದು ನಿಲ್ಲಿಸಿ ಹೇಳುತ್ತೇನೆ. ಮೊಮ್ಮಗಳು ಕಲಿಸಿದ್ದು. ಹೇಳಿಕೊಳ್ಳದೆ ಬಿಡಲೇ?

ಆಗ ಗಜೇಂದ್ರಗಡದ ನಮ್ಮ ಓಣಿಗೆ ಇಂಟರ್‌ನೆಟ್ ಎಂಬ ಮಾತು ಬಂದಿತ್ತು, ಇಂಟರ್‌ನೆಟ್ ಬಂದಿರಲಿಲ್ಲ. ಮೊಮ್ಮಗಳು ಪಿಯುಸಿ ಮುಗಿಸಿ ದಿನಾಲು ಬಸ್ಸಿನಲ್ಲಿ ರೋಣದ ಕಂಪ್ಯೂಟರ್ ಕ್ಲಾಸಿಗೆ ಹೋಗಿಬರುತ್ತಿದ್ದಳು. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ವಿದ್ಯೆಗೆ ನೆಟ್‌ವರ್ಕಿಂಗ್ ಎನ್ನುತ್ತಾರೆ. ಅದರ ಮೊದಲ ಮೆಟ್ಟಿಲಿನ ಸರ್ಟಿಫಿಕೇಟ್ ಪರೀಕ್ಷೆ ಹುಬ್ಬಳ್ಳಿಯಲ್ಲಿ ಇತ್ತು. ಪಾಸಾದರೆ ಕ್ಲಾಸಿನವರೇ ಕೆಲಸಕ್ಕೆ ಇಟ್ಟುಕೊಳ್ಳುವುದಾಗಿ ಹೇಳಿದ್ದರು.

ಅಷ್ಟರಲ್ಲಿ ನರಗುಂದದಿಂದ ನನ್ನ ತಮ್ಮ ಬಂದ. ಕಾಳಿನ ಅಂಗಡಿ ಇಟ್ಟವನು, ಕೂತಲ್ಲಿಂದಲೇ ಊರವರ ಮದುವೆ ಕುದುರಿಸುವವನು.

"ಯಕ್ಕಾ, ಭಾಳ ಚಲೋ ಮನಿತನ. ಹುಡುಗಿ ವೈರ್ ಜಗ್ಗಕೋತ ಕಂಬಾ ಹತ್ತೂಕಿಂತ ಮೊದಲ ಮದುವಿ ಮಾಡ್ರಿ."

"ಹತ್ತಿದ್ರ ಹತ್ತಲಿ. ನೀ ಕೆಳಗ ನಿಂತು ಏಣಿ ಹಿಡಿ," ಎಂದೆ.

ನನ್ನ ಮಗ, ಅಂದರೆ ಅವಳ ಅಪ್ಪ, ಮಗ್ಗದಿಂದ ಏಳದೆಯೇ ತೀರ್ಮಾನ ಕೊಟ್ಟ: "ಒಂದ ಸಲ ಬರೀಲಿ ಯವ್ವಾ. ಪಾಸಾದ್ರ ಆಕಿ ಹೇಳಿದಂಗ, ನಪಾಸಾದ್ರ ಮಾಮಾ ಹೇಳಿದಂಗ. ಆಮ್ಯಾಲೆ ನೀ ಅಡ್ಡ ಬರಬಾರದು."

"ಆತು," ಎಂದೆ. ಅಂದಿನಿಂದ ಆ ಪರೀಕ್ಷೆ ನನ್ನದೂ ಆಯಿತು.

ಪುಸ್ತಕವೆಲ್ಲ ಇಂಗ್ಲಿಷ್. ನಾನು ಓದಲಿ ಎಂದು ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂದೆ ಕನ್ನಡ ಅಕ್ಷರದಲ್ಲಿ ಪ್ರಶ್ನೆ, ಉತ್ತರ ಬರೆದುಕೊಟ್ಟಳು. ನಾನು ನೂಲು ಸುತ್ತುತ್ತ ಕೇಳುವುದು, ಅವಳು ರೊಟ್ಟಿ ಬಡಿಯುತ್ತ ಹೇಳುವುದು.

"ರೌಟರ್ ಅಂದ್ರ?"

"ಯಾವ ಸುದ್ದಿ ಯಾವ ದಾರಿ ಹಿಡೀಬೇಕು ಅಂತ ಹೇಳೂದು, ಆಯಿ."

"ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಅಂತ ಬರಿ."

"ಬರದ್ರ ಮಾರ್ಕ್ಸ್ ಕೊಡೂದಿಲ್ಲ."

"ಕೊಡದಿದ್ರ ಅವರಿಗೇ ತಿಳದಿಲ್ಲ ಅಂತ ಅರ್ಥ."

ಪರೀಕ್ಷೆಗೆ ವಾರ ಇದ್ದಾಗ ಒಂದು ತುಂಡು ವೈರು, ಒತ್ತುವ ಇಕ್ಕಳ, ಗಾಜಿನಂತೆ ಕಾಣುವ ಪುಟ್ಟ ಪ್ಲಗ್ಗುಗಳು, ದೀಪಗಳಿರುವ ಒಂದು ಪೆಟ್ಟಿಗೆ, ಇಷ್ಟನ್ನು ಕ್ಲಾಸಿನಿಂದ ಕೇಳಿ ತಂದಳು. ಒಂದು ತುದಿಗೆ ಪ್ಲಗ್ ಒತ್ತಿ ಮುಗಿಸಿದಳು. ಇನ್ನೊಂದು ತುದಿಯ ಎಂಟು ಎಳೆಗಳನ್ನು ಸಾಲಾಗಿ ಹರವಿ, ಬಟ್ಟೆ ಒಣಗಿಸುವ ಕ್ಲಿಪ್ಪು ಹಚ್ಚಿ ನೀರು ಕುಡಿಯಲು ಒಳಗೆ ಹೋದಳು.

ನಾನು ಬಗ್ಗಿ ನೋಡಿದೆ. ನಾಲ್ಕು ಬಣ್ಣ, ಬಣ್ಣಕ್ಕೆ ಎರಡೆರಡು ಎಳೆ. ಕಿತ್ತಳೆಯ ಜೋಡಿ ಸರಿಯಿತ್ತು. ಆಮೇಲೆ ಬಿಳಿಗೆರೆಯ ಹಸಿರು. ಅದರ ಜೊತೆಗಾತಿ ಬರೀ ಹಸಿರು ಮಾತ್ರ ಪಕ್ಕದಲ್ಲಿಲ್ಲ! ನಡುವೆ ನೀಲಿಯ ಎರಡು ಎಳೆ ಬಂದು ಕೂತಿದ್ದವು. ನಲವತ್ತು ವರ್ಷ ಮಗ್ಗಕ್ಕೆ ಹಾಸಿನ ಎಳೆ ಹೊಸೆದು ಜೋಡಿಸಿದವಳು ನಾನು. ಅಂಚಿನ ಒಂದು ಎಳೆ ಮನೆ ತಪ್ಪಿದರೆ ಆ ಗೆರೆ ಸೀರೆಯ ಉದ್ದಕ್ಕೂ ಓಡುತ್ತದೆ. ಕೈ ಸುಮ್ಮನಿರಲಿಲ್ಲ. ಹಸಿರನ್ನು ಎಳೆದು ಅದರ ಜೋಡಿಯ ಪಕ್ಕ ಕೂರಿಸಿ, ಮತ್ತೆ ಕ್ಲಿಪ್ಪು ಹಚ್ಚಿ, ಏನೂ ಅರಿಯದವಳಂತೆ ನೂಲು ಸುತ್ತತೊಡಗಿದೆ. ಮೊಮ್ಮಗಳ ಮಾನ ಉಳಿಸಿದೆನೆಂಬ ಹೆಮ್ಮೆ ಬೇರೆ.

ಅವಳು ಬಂದು ನೋಡದೆಯೇ ಪ್ಲಗ್ ಒತ್ತಿದಳು. ವೈರು ಸರಿಯಿದೆಯೇ ಎಂದು ನೋಡುವ ದೀಪದ ಪೆಟ್ಟಿಗೆಗೆ ಹಚ್ಚಿದಳು. ಎಂಟರ ತನಕ ಸಾಲಾಗಿ ಹತ್ತಬೇಕಾದ ದೀಪ ಒಂದು, ಎರಡು, ಮೂರು ಎನ್ನುತ್ತ ಬಂದದ್ದು ಆರಕ್ಕೆ ಜಿಗಿದು ನಾಲ್ಕಕ್ಕೆ ಮರಳಿತು. ಮತ್ತೆ ಹಚ್ಚಿದಳು, ಮತ್ತೆ ಹಾಗೆಯೇ. ಹುಡುಗಿ ಇಕ್ಕಳ ಬದಿಗೆಸೆದು ಅಳತೊಡಗಿದಳು.

"ಇಷ್ಟು ದಿನ ಓದಿ ಎಂಟು ವೈರ್ ಹೊಂದಸಾಕ ಬರವಲ್ದು. ನಾ ಪರೀಕ್ಷಾಕ್ಕ ಹೋಗೂದಿಲ್ಲ ಆಯಿ. ನರಗುಂದದ ಅಜ್ಜಗ ಹೂಂ ಅಂತ ಹೇಳಿಬಿಡು."

ನಾನು ನೂಲು ಕೆಳಗಿಟ್ಟೆ.

"ಹೂಂ ಅನ್ನೂದು ಇಲ್ಲ, ಊಹೂಂ ಅನ್ನೂದು ಇಲ್ಲ. ನಿನ್ನ ಕೈ ತಪ್ಪಿಲ್ಲ. ಆ ಹಸರು ಎಳಿ ನಾ ಸರಿಸೀನಿ."

ಅವಳು ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದಳು. ಅಳುತ್ತಿದ್ದವಳು ನಗತೊಡಗಿದಳು, ನನ್ನ ತೊಡೆಗೆ ಬಡಿಬಡಿದು ನಕ್ಕಳು. "ಆಯಿ, ನೀನ ನನ್ನ ಮದುವಿ ಮಾಡಿಸಿಬಿಡತಿದ್ದಿ!"

"ಜೋಡಿ ಅಗಲಸೂದು ಯಾವ ಶಾಣ್ಯಾತನ ಮತ್ತ?"

"ನಡುವಿನ ಎರಡು ಮನಿ ಮೊದಲಿಂದ ಫೋನಿನವು, ನೀಲೀಗೆ ಬಿಟ್ಟಾರ. ಅದಕ್ಕ ಹಸರು ಅದನ್ನ ದಾಟಿ ಕೂಡತೈತಿ. ವೈರಿನ ಒಳಗ ನೋಡು, ಎರಡೂ ಹೊಸಕೊಂಡ ಇರತಾವು."

ಸಿಪ್ಪೆ ಬಿಡಿಸಿ ತೋರಿಸಿದಳು. ಖರೇನೇ ಹೊಸೆದುಕೊಂಡಿದ್ದವು. ಸೋತೆ ಎನ್ನಲಿಲ್ಲ, ಒಪ್ಪಿದೆ. ಹಾಳಾದ ತುದಿಯನ್ನು ಗೇಣುದ್ದ ಕತ್ತರಿಸಿ ಎಸೆದಳು. ನಾನು ಎತ್ತಿ, ಎಂಟೂ ಎಳೆ ಬಿಡಿಸಿ ನನ್ನ ಎಲೆಯಡಿಕೆಯ ಚಂಚಿಯಲ್ಲಿ ಇಟ್ಟುಕೊಂಡೆ.

ಹುಬ್ಬಳ್ಳಿಗೆ ನಾನೇ ಕರೆದುಕೊಂಡು ಹೋದೆ. ಅವಳು ಕಂಪ್ಯೂಟರಿನ ಮುಂದೆ ಕೂತು ಬರೆಯುವಷ್ಟು ಹೊತ್ತು ಹೊರಗೆ ಮೆಟ್ಟಿಲ ಮೇಲೆ ಕೂತು ಆ ಬಣ್ಣಗಳನ್ನೇ ಜಪಿಸಿದೆ. ಬಂದಳು. ಕೈಯಲ್ಲಿ ಕಾಗದ.

"ಪಾಸ್, ಆಯಿ! ವೈರಿನ ಪ್ರಶ್ನೆ ಬಂದಿತ್ತು. ನಿನ್ನ ನೆನಸಿ ನಕ್ಕಬಿಟ್ಟೆ. ಅಲ್ಲಿದ್ದ ಸರ್ ಗದರಿಸಿದ್ರು."

ನಾನು ಅಳಲಿಲ್ಲ, ಪೇಢೆ ಕೊಂಡೆ. ಬಾಗಿಲಲ್ಲಿದ್ದ ವಾಚ್‌ಮನ್‌ಗೆ, ಬಸ್ಸಿನಲ್ಲಿ ಕಂಡಕ್ಟರಿಗೆ, ಪಕ್ಕದ ಸೀಟಿನವರಿಗೆ ಹಂಚಿದೆ. ನರಗುಂದ ಬಂತು. "ಇಳಿ," ಎಂದೆ.

"ಊರು ಇನ್ನೂ ದೂರ ಐತಿ."

"ಮೊದಲ ಇಲ್ಲಿ ಕೆಲಸಾ ಐತಿ."

ತಮ್ಮ ಅಂಗಡಿಯಲ್ಲಿ ಚೀಲಕ್ಕೆ ಒರಗಿ ಕೂತಿದ್ದ. ಕಾಗದ ನೋಡಿ, ಪೇಢೆ ಬಾಯಿಗೆ ಹಾಕಿಕೊಂಡು ಅಂದ: "ಅದರಾಗೇನ ದೊಡ್ಡದೈತಿ? ಬಣ್ಣದ ವೈರ್ ಹೊಂದಸೂದು, ಯಾರ ಬೇಕಾದ್ರೂ ಮಾಡ್ತಾರ."

ಚಂಚಿ ಬಿಚ್ಚಿದೆ. ಎಂಟು ಎಳೆಗಳನ್ನು ಅವನ ಅಂಗೈಗೆ ಹಾಕಿದೆ. "ಹೊಂದಸು."

ಹೊಂದಿಸಿದ. ಕಿತ್ತಳೆಗೆ ಕಿತ್ತಳೆ, ಹಸಿರಿಗೆ ಹಸಿರು, ನೀಲಿಗೆ ನೀಲಿ, ಕಂದಿಗೆ ಕಂದು. ಮೊಮ್ಮಗಳು ಬಾಯಿ ತೆರೆದಳು. ಅವಳ ಕೈ ಚಿವುಟಿ ಸುಮ್ಮನಿರಿಸಿದೆ. ಅವನು ಮೀಸೆ ತಿರುವುವ ತನಕ ಕಾದು, ಹಸಿರಿನ ಒಂದು ಎಳೆಯನ್ನು ತೆಗೆದು ನೀಲಿಯ ಜೋಡಿಯನ್ನು ದಾಟಿಸಿ ಆಚೆ ಇಟ್ಟೆ.

"ಹಿಂಗ. ಯಾಕ ಅಂತ ಬೇಕಾದ್ರ ಆಕೀನ ಕೇಳು. ಆ ಗಂಡಿನ ಮನಿಯವರಿಗೆ ಹೇಳಿ ಕಳಸು, ನಮ್ಮ ಹುಡುಗೀಗೆ ಸದ್ಯ ಪುರಸೊತ್ತಿಲ್ಲ."