ಕದಲದ ಕಾರ್ಡುಗಳು

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಮಕ್ಕಳ ಕ್ಲಿನಿಕ್ಕಿನ ಸೂಜಿ ಅಕ್ಕ ಲಸಿಕೆಯ ಕಾರ್ಡುಗಳನ್ನು ಎರಡನೇ ಸಲ ಎಣಿಸುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಲಸಿಕೆ ಹಾಕುತ್ತಿದ್ದ ಈ ನರ್ಸಿಗೆ ಮಕ್ಕಳೇ ಇಟ್ಟ ಹೆಸರು ಅದು. ಅವರ ಮರದ ಪೆಟ್ಟಿಗೆಯಲ್ಲಿ ತಿಂಗಳಿಗೊಂದರಂತೆ ಹನ್ನೆರಡು ಖಾನೆಗಳು. ಲಸಿಕೆ ಹಾಕಿಸಿಕೊಂಡ ಮಗುವಿನ ಕಾರ್ಡು ಮುಂದಿನ ಸರದಿಯ ತಿಂಗಳಿಗೆ ಹೋಗುತ್ತಿತ್ತು. ಊರಿಗೆ ಸಾಂಕ್ರಾಮಿಕ ಬಂದು ಮೂರು ತಿಂಗಳಾಗಿತ್ತು. ಕಾರ್ಡುಗಳು ಇದ್ದಲ್ಲೇ ಇದ್ದವು. ದಡಾರದ ಲಸಿಕೆ ತಪ್ಪಿದವರೇ ಅರವತ್ತೊಂದು ಮಕ್ಕಳು. ಈ ರೋಗ ಹೋಗುವಷ್ಟರಲ್ಲಿ ದಡಾರ ಬಂದು ಕೂತರೆ?

“ಜನ ಹೆದರಿದ್ದಾರೆ ಸಿಸ್ಟರ್, ನೀವು ತಾನೇ ಏನು ಮಾಡೋಕಾಗುತ್ತೆ?” ಎಂದರು ಡಾಕ್ಟರು.

ಅಕ್ಕ ಫೋನ್ ಹಿಡಿದರು. ಮೊದಲ ಕಾರ್ಡಿನ ಮಗುವಿನ ಅಜ್ಜಿ ಸಿಕ್ಕಿದರು.

“ಅಜ್ಜಿ, ಮೊಮ್ಮಗಳನ್ನ ಯಾಕೆ ಕರ್ಕೊಂಡು ಬರಲಿಲ್ಲ?”

“ಗೇಟ್‌ವರೆಗೂ ಬಂದಿದ್ವಲ್ಲಮ್ಮ. ‘ಜ್ವರ ಇರುವವರು ಮಾತ್ರ ಒಳಗೆ ಬನ್ನಿ’ ಅಂತ ಬೋರ್ಡಿತ್ತು. ನಮ್ಮ ಕೂಸು ಗುಂಡುಕಲ್ಲಿನ ಹಾಗಿದೆ. ಸುಳ್ಳು ಹೇಳಿ ಬರೋಕಾಗುತ್ತಾ?”

ಅಕ್ಕನ ಮುಖ ಸಪ್ಪೆಯಾಯಿತು. ಬೋರ್ಡು ಬರೆದದ್ದು ಅವರೇ. ಗುಂಪು ಸೇರದಿರಲಿ ಎಂದು ಬರೆಯುವಾಗ, ಲಸಿಕೆಗೆ ಬರುವವರು ಗಟ್ಟಿಮುಟ್ಟಾದ ಮಕ್ಕಳೇ ಎಂಬುದು ಹೊಳೆದಿರಲಿಲ್ಲ.

“ಜನ ಬರದೇ ಇರೋಕೆ ಅರ್ಧ ಕಾರಣ ಹೆದರಿಕೆ ಡಾಕ್ಟ್ರೇ, ಇನ್ನರ್ಧ ನನ್ನ ಬೋರ್ಡು.”

“ಅಕ್ಷರ ಬೇರೆ ಮುತ್ತಿನ ಹಾಗಿದೆ, ಓದೋಕೆ ಯಾರಿಗೂ ಕಷ್ಟ ಆಗಿಲ್ಲ,” ಎಂದು ಡಾಕ್ಟರು ನಕ್ಕರು. “ಈಗ ಎಷ್ಟು ಜನ ವಾಪಸ್ ಬರ್ತಾರೆ ಅಂತೀರಿ?”

“ಅರವತ್ತೊಂದೂ.”

ಅಂದೇ ಬೋರ್ಡು ಇಳಿಯಿತು. ಹಿಂಭಾಗದ ಸಾಮಾನಿನ ಕೋಣೆ ಖಾಲಿಯಾಗಿ, ಅದರ ಬಾಗಿಲು ಲಸಿಕೆಯ ಮಕ್ಕಳಿಗೆ ಮೀಸಲಾಯಿತು; ಹದಿನೈದು ನಿಮಿಷಕ್ಕೊಂದು ಮಗು. ನಿಜವಾಗಿಯೂ ಹೆದರಿದ್ದ ಮನೆಗಳಿಗೆ ಅಕ್ಕ ಮೂರು ಮೂರು ಸಲ ಫೋನ್ ಮಾಡಿದರು. ಮೊದಲು ಬಂದದ್ದು ಅಜ್ಜಿಯ ಗುಂಡುಕಲ್ಲು. ಸೂಜಿ ಚುಚ್ಚಿದ್ದೇ ತಡ, ಅದು ಅಕ್ಕನ ಮಾಸ್ಕಿಗೇ ಕೈಹಾಕಿ ಎಳೆಯಿತು.

“ಸರಿಯಾದ ಶಾಸ್ತಿ,” ಎಂದರು ಅಜ್ಜಿ. “ಬೋರ್ಡಿಗೂ ಸೇರಿಸಿ.”

ಏಳು ವಾರದಲ್ಲಿ ಐವತ್ತೊಂಬತ್ತು ಮಕ್ಕಳು ಬಂದರು. ಊರು ಬಿಟ್ಟಿದ್ದ ಇಬ್ಬರು ಹೋದಲ್ಲೇ ಹಾಕಿಸಿಕೊಂಡರು; ಅಕ್ಕ ಫೋನಿನಲ್ಲೇ ತಾರೀಕು ಕೇಳಿ ಕಾರ್ಡಿನಲ್ಲಿ ಬರೆದರು. ಕೊನೆಯ ಕಾರ್ಡೂ ಕದಲಿದ ಸಂಜೆ ಡಾಕ್ಟರು ಬಂದು ಹಳೆಯ ಖಾನೆಗಳಲ್ಲಿ ಇಣುಕಿದರು; ದಡಾರದ ಒಂದು ಕಾರ್ಡೂ ಅಲ್ಲಿ ಉಳಿದಿರಲಿಲ್ಲ. ಎಷ್ಟು ಜನ ಬಂದರೆಂದು ಕೇಳಲಿಲ್ಲ. ಅಕ್ಕ ಅಂದು ಹೇಳಿದ್ದು ಅವರಿಗೆ ನೆನಪಿತ್ತು: ಅರವತ್ತೊಂದೂ.